ಅಭಯ ಬೀಗ

ರೊಕ್ಕ ಬೇಕಾದವನ ಕೈ ನಡುಗುತ್ತದೆ. ಇದು ನಮ್ಮಪ್ಪನಿಗೆ ಗೊತ್ತಿತ್ತು, ಅವನ ಅಪ್ಪನಿಗೂ ಗೊತ್ತಿತ್ತು. ಇಬ್ಬರೂ ದನದ ಸಂತೆಯ ದಲ್ಲಾಳಿಗಳು. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ದರ ಹೇಳುವಾಗ ಎದುರಿನವನ ಕೈ ನಡುಗಿತೆಂದರೆ ಇವನಿಗೆ ಇವತ್ತೇ ಎತ್ತು ಮಾರಲೇಬೇಕಾಗಿದೆ ಎಂದು ತಿಳಿದುಕೊಂಡು ಒಂದು ಬೆರಳು ಕಡಿಮೆ ಹಿಡಿಯುತ್ತಿದ್ದರು. ಪಾಪದ ಕೆಲಸವೇ ಅನ್ನಿ, ನಾನು ಅಲ್ಲವೆನ್ನುವುದಿಲ್ಲ. ಆದರೆ ಎತ್ತಂತೂ ಮಾರಾಟವಾಗುತ್ತಿತ್ತು. ಮಾರಿದವನು ಸಂಜೆಗೆ ರೊಕ್ಕ ನಡಕ್ಕೆ ಕಟ್ಟಿಕೊಂಡು ಊರಿಗೆ ಹೋಗುತ್ತಿದ್ದ. ಈಗಿನ ಯಂತ್ರ ಅಷ್ಟೂ ಮಾಡುವುದಿಲ್ಲ. ಕೈ ನಡುಗಿದರೆ ಬಾಗಿಲನ್ನೇ ಹಾಕಿಬಿಡುತ್ತದೆ.

ನಾನು ಅಡಿವೆಪ್ಪ. ಹಳೇ ಹುಬ್ಬಳ್ಳಿಯಲ್ಲಿ ಒಂದು ಖಾನಾವಳಿಯ ಮಾಳಿಗೆ ಮೇಲೆ ನನ್ನ ಕೋಣೆ. ಮಂದಿಯ ಬಿಲ್ಲೆ ಕೊಂಡು ನೋಟು ಕೊಡುವುದು ನನ್ನ ಕಸುಬು. ಬಿಲ್ಲೆ ಎಂದರೆ ಕೈಯಲ್ಲಿ ಹಿಡಿದು ಟಣ್ ಎನ್ನಿಸುವ ನಾಣ್ಯವಲ್ಲ. ಜಗತ್ತಿನ ಸಾವಿರಾರು ಗಣಕಯಂತ್ರಗಳು ಒಟ್ಟಾಗಿ ನೆನಪಿಟ್ಟುಕೊಂಡ ಒಂದು ಲೆಕ್ಕ. ಈಗ ಪಗಾರ, ಬಾಡಿಗೆ, ಪರಿಹಾರ ಎಲ್ಲವೂ ಅದರಲ್ಲೇ. ಕಾಯಿಪಲ್ಲೆ ಅಂಗಡಿಗೋ ಆಸ್ಪತ್ರೆಗೋ ಬಿಲ್ಲೆ ಕೊಟ್ಟರೆ ಅಡ್ಡಿಯಿಲ್ಲ, ತಕರಾರು ಬಂದರೆ ಅದನ್ನು ಮರಳಿ ಎಳೆಯಬಹುದು. ಆದರೆ ಬಿಲ್ಲೆ ಕೊಟ್ಟು ನೋಟು ಇಸಿದುಕೊಂಡರೆ ಮುಗಿಯಿತು, ನೋಟು ಯಾವ ಕಿಸೆಗೆ ಹೋಯಿತೆಂದು ಬ್ರಹ್ಮನಿಗೂ ತಿಳಿಯದು.

ಕಳ್ಳರಿಗೆ ಬೇಕಾಗಿದ್ದೂ ಅದೇ. ಮನೆ ಹೊಕ್ಕು, ಕುತ್ತಿಗೆಗೆ ಚಾಕು ಹಿಡಿದು, ನನ್ನಂಥವನ ಎದುರಿಗೆ ತಂದು ಕೂಡಿಸಿ ಬಿಲ್ಲೆ ಮಾರಿಸುತ್ತಿದ್ದರು. ಒಪ್ಪದವರ ಬೆರಳು ಮುರಿದರು. ಎಷ್ಟೋ ಜನ ಸತ್ತರು. ಆಗ ಬಂದದ್ದು ಅಭಯ ಬೀಗ. ಬಿಲ್ಲೆಯನ್ನು ನೋಟು ಮಾಡಿಸಬೇಕಾದರೆ ಮಾಲೀಕ ತಾಮ್ರದ ತಟ್ಟೆಯ ಮೇಲೆ ಅಂಗೈ ಇಡಬೇಕು. ತಟ್ಟೆ ಅವನ ನಾಡಿ, ಬೆವರು, ಉಸಿರು ನೋಡುತ್ತದೆ. ಸುತ್ತಲಿನ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಹೆದರಿಕೆ ಇದ್ದರೆ ಕೆಂಪು ದೀಪ, ಅನುಮಾನವಿದ್ದರೆ ಹಳದಿ, ನಿರಾಳವಾಗಿದ್ದರೆ ಹಸಿರು. ಹಸಿರು ದೀಪ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ನಿಂತರೆ ಬಿಲ್ಲೆ ದಾಟುತ್ತದೆ, ಕೆಳಗಿನ ನೋಟಿನ ಪೆಟ್ಟಿಗೆ ತೆರೆಯುತ್ತದೆ. ಅದಕ್ಕೇ ನಮ್ಮ ಕಸುಬಿನಲ್ಲಿ ಗಿರಾಕಿ ಬಂದೊಡನೆ ಕೆಳಗಿನಿಂದ ಚಹಾ ತರಿಸುವ ರೂಢಿ. ನಿದ್ದೆ ಗುಳಿಗೆ, ಸೆರೆ, ಗಾಂಜಾ ಯಾವುದೂ ನಡೆಯುವುದಿಲ್ಲ, ಬೆವರಿನಲ್ಲೇ ಹಿಡಿದುಬಿಡುತ್ತದೆ. ಬೀಗ ಬಂದ ವರ್ಷ ಕಳ್ಳತನ ನಿಂತೇಹೋಯಿತು. ನಾನೂ ಓಣಿಗೆಲ್ಲ ಪೇಢೆ ಹಂಚಿದ್ದೆ. ಎಂಥ ಮಬ್ಬ ನೋಡಿ ನಾನು.

ಚಂಪವ್ವ ಬಂದದ್ದು ಒಂದು ಬುಧವಾರ. ನಮ್ಮ ಓಣಿಯ ಹೆಣ್ಣುಮಗಳು, ಹಳೆಯ ಬ್ಯಾಟರಿ ಬಿಚ್ಚುವ ಕಾರ್ಖಾನೆಯಲ್ಲಿ ಕೆಲಸ. ಅವಳ ಗಂಡನೂ ಅಲ್ಲೇ ಇದ್ದ. ಬೆಂಕಿ ಬಿದ್ದಾಗ ಹೋದ. ಅವನ ಪರಿಹಾರದ ಬಿಲ್ಲೆಗಳನ್ನು ಅವಳು ಅಂದಿನಿಂದ ಮುಟ್ಟಿರಲಿಲ್ಲ.

"ಅಣ್ಣಾರ, ನೋಟು ಬೇಕಾಗ್ಯಾವ್ರಿ. ಅವರ ಪರಿಹಾರದ್ದು ಎಷ್ಟೈತಿ ಅಷ್ಟೂ ಮಾರಿಬಿಡ್ತೀನಿ."

"ಯಾಕವಾ? ಏನಾತು?"

"ತುಂಗಿಗೆ ನರಬಿಗಿ ಬಂದೈತ್ರಿ."

ತುಂಗಾ ಅವಳ ಒಬ್ಬಳೇ ಮಗಳು, ಆರು ವರ್ಷದ್ದು. ನರಬಿಗಿ ಆ ವರ್ಷ ಹೊಸದಾಗಿ ಬಂದ ಜ್ವರ. ಮೈ ಕೆಂಡದಂತೆ ಸುಡುತ್ತದೆ, ಮೊದಲು ಕಾಲು ಬಿಗಿಯುತ್ತದೆ, ಆಮೇಲೆ ಉಸಿರು. ಅದಕ್ಕೆ ಒಂದು ಚುಚ್ಚುಮದ್ದು ಇದೆ, ಉಸಿರು ಬಿಗಿಯುವ ಮೊದಲು ಕೊಟ್ಟರೆ ಮಕ್ಕಳು ಎದ್ದು ಓಡಾಡುತ್ತವೆ. ಆಸ್ಪತ್ರೆಗಳಲ್ಲಿ ಅದು ತೀರಿಹೋಗಿತ್ತು. ಗೋವಾ ಕಡೆಯವನೊಬ್ಬ ತಂದು ಸ್ಟೇಶನ್ ಹತ್ತಿರದ ಲಾಡ್ಜಿನಲ್ಲಿ ಇಳಿದಿದ್ದ. ಬಿಲ್ಲೆ ಇಸಿದುಕೊಂಡರೆ ಲೆಕ್ಕದಲ್ಲಿ ಅವನ ಹೆಸರು ಬೀಳುತ್ತದಲ್ಲ, ಅದಕ್ಕೆ ನೋಟು ಮಾತ್ರ ಬೇಕೆಂದ. ಶನಿವಾರ ಸಂಜೆ ಗಾಡಿಗೆ ವಾಪಸು ಹೋಗುವವ.

"ಅಯ್ಯ, ಅದೆಂಥಾ ದೊಡ್ಡ ಮಾತು, ಕೈ ಇಡು," ಎಂದು ನಾನು ಚಹಾಕ್ಕೆ ಕೂಗಿದೆ.

ಕೈ ಇಟ್ಟಳು. ಕೆಂಪು.

ಸ್ವಲ್ಪ ಕುಂದ್ರು, ನೀರು ಕುಡಿ, ಉಸಿರು ಬಿಡು ಎಂದೆ. ಕೆಂಪು. ಖಾನಾವಳಿಯ ಮಾಲೀಕ ಹೆಂಡತಿಗೆ ಅಂಜಿ ಬದನಿಕಾಯಿ ಗಾಡಿಯ ಹಿಂದೆ ಅಡಗಿ ಕೂತ ಕತೆ ಹೇಳಿದೆ. ಪಾಪ, ನಕ್ಕಳು ಕೂಡ. ತುಟಿಯಷ್ಟೇ ನಕ್ಕಿತ್ತು, ತಟ್ಟೆಗೆ ಅದು ಗೊತ್ತಾಯಿತು. ಕೆಂಪು.

"ಇದಕ್ಕ ಏನ್ ಬೇಕಂತರೀ ಅಣ್ಣಾರ?"

"ನೀ ಹೆದರಬಾರ್ದಂತ."

"ಮನ್ಯಾಗ ಕೂಸು ಸಾಯಾಕತ್ತೈತಿ. ಹೆದರಬಾರ್ದಾ?"

"ಹೂಂ. ಹಂಗಂತ."

ನಾನೇ ನೋಟು ಕೊಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಪೆಟ್ಟಿಗೆ ನನ್ನದಲ್ಲ, ಈ ಧಂದೆಗೆ ರೊಕ್ಕ ಹಾಕಿದ ಸಾವಕಾರನದು. ಬಿಲ್ಲೆ ದಾಟದೆ ಅದು ನನಗೂ ತೆರೆಯುವುದಿಲ್ಲ. ಒಡೆಯಹೋದರೆ ಒಳಗಿನ ಶಾಯಿ ಚೆಲ್ಲಿ ನೋಟೆಲ್ಲ ನೀಲಿಯಾಗುತ್ತವೆ. ನನ್ನ ಕಮಿಷನ್ನೂ ಬಿಲ್ಲೆಯಲ್ಲೇ ಬರುತ್ತದೆ. ಆ ಪೆಟ್ಟಿಗೆಯ ಮೇಲೆ ದಿನವಿಡೀ ಕೂತವನ ಜೇಬಿನಲ್ಲಿ ಅವತ್ತು ಇದ್ದದ್ದು ಒಂದು ಹರಿದ ಐವತ್ತರ ನೋಟು.

ಮರುದಿನ ಮುಂಜಾನೆ ಚಂಪವ್ವ ಒಬ್ಬಳೇ ಬರಲಿಲ್ಲ. ಇಡೀ ಓಣಿಯೇ ಅವಳ ಹಿಂದೆ ಬಂತು. ನಮ್ಮ ಮಂದಿಯ ರೂಢಿಯೇ ಹಾಗೆ. ಹೆಣ್ಣು ನೋಡಲಿಕ್ಕೆ, ಕೋರ್ಟಿಗೆ, ಹಲ್ಲು ಕೀಳಿಸಲಿಕ್ಕೆ ಕೂಡ ಒಬ್ಬರನ್ನೇ ಕಳಿಸುವುದಿಲ್ಲ, ಜೋಡಿಗೆ ಹೋಗಿ ನಿಲ್ಲುತ್ತೇವೆ. ಮುಂದೆ ಜೈತುನಬಿ ಇದ್ದಳು, ಚಂಪವ್ವನ ಪಕ್ಕದ ಮನೆಯವಳು, ಮಾತು ಕೊಡಲಿ ಪೆಟ್ಟಿನಂತೆ, ಕರುಳು ಬೆಣ್ಣೆ. ಹಿಂದೆ ಹಾಲಿನವನು, ಇಸ್ತ್ರಿಯವನು, ಮಗ್ಗದ ಮನೆಯ ಮುದುಕಿ.

"ಅಕಿ ಒಬ್ಬಾಕಿನ ಕುಂದರ್ಸಿದ್ರ ಹೆದರದ ಏನ್ ಮಾಡ್ತಾಳ? ನಿನಗ ತಲಿ ಐತೇನು ಅಡಿವೆಪ್ಪಣ್ಣ?" ಎಂದು ಜೈತುನಬಿ ನನ್ನನ್ನೇ ಗದರಿಸಿ ಚಂಪವ್ವನ ಬೆನ್ನ ಮೇಲೆ ಕೈ ಇಟ್ಟಳು. "ನಾವೆಲ್ಲಾ ಅದೀವಿ. ಹೆದರಬ್ಯಾಡ, ಕೈ ಇಡು."

"ಹೆದರಬ್ಯಾಡ, ಕೈ ಇಡು," ಎಂದ ಹಾಲಿನವನು.

"ಹೆದರಬ್ಯಾಡ ಯವ್ವಾ, ಕೈ ಇಡು," ಎಂದಳು ಮುದುಕಿ.

ನಾನೂ ಸೇರಿ ಎಲ್ಲರೂ ಅದನ್ನೇ ಅನ್ನತೊಡಗಿದೆವು. ಚಂಪವ್ವ ಕೈ ಇಟ್ಟಳು. ಕೆಂಪು ದೀಪ ಬರುವ ಬದಲು ಗಂಟೆ ಹೊಡೆಯಿತು. ಯಂತ್ರದ ಹೆಣ್ಣುದನಿ ಹೇಳಿತು: "ಬಲವಂತದ ಗುಮಾನಿ ಇದೆ. ಮಾಲೀಕರ ರಕ್ಷಣೆಗಾಗಿ ನಾಳೆಯವರೆಗೆ ಖಾತೆಯನ್ನು ಮುಚ್ಚಲಾಗಿದೆ."

ಒಂದು ಇಡೀ ದಿನ ಕೈ ಬಿಟ್ಟುಹೋಗಿತ್ತು. ಆಮೇಲೆ ಇಸ್ತ್ರಿಯವನು, "ನನ್ನವು ಒಂದ್ನಾಲ್ಕು ಬಿಲ್ಲೆ ಅದಾವು, ಅವನ್ನರ ಮಾರ್ರಿ," ಎಂದು ಕೈ ಮುಂದೆ ಮಾಡಿದ. ಹಾಲಿನವನೂ ಮಾಡಿದ. ಎಲ್ಲರದೂ ಸೇರಿಸಿದರೆ ಔಷಧದ ಬೆಲೆ ಆಗಿಯೇಬಿಡುತ್ತಿತ್ತು. ಒಬ್ಬೊಬ್ಬರಾಗಿ ಕೈ ಇಟ್ಟರು. ಇಸ್ತ್ರಿಯವನಿಗೆ ಕೆಂಪು, ಹಾಲಿನವನಿಗೆ ಕೆಂಪು. ಜೈತುನಬಿಗಂತೂ ಕೈ ತಾಗುವ ಮೊದಲೇ ಕೆಂಪು. ಕಡೆಗೆ ನಾನಿಟ್ಟೆ. ಇಷ್ಟು ವರ್ಷ ಆ ತಟ್ಟೆ ಒರೆಸಿದ ಕೈ ಇದು. ತುಂಗಾ ನನ್ನ ಕೋಣೆಯ ಮೆಟ್ಟಿಲ ಮೇಲೆ ಕೂತು ಪುಟಾಣಿ ಶೇಂಗಾ ತಿನ್ನುತ್ತಿದ್ದದ್ದು ನೆನಪಾಯಿತು. ನನ್ನದೂ ಕೆಂಪು.

ಆವತ್ತು ನನಗೆ ಈ ಬೀಗದ ಬಂಡವಾಳ ತಿಳಿಯಿತು. ಯಾರ ಕರುಳು ಚುರಕ್ ಅನ್ನುತ್ತದೋ ಅವರ ಪೆಟ್ಟಿಗೆ ತೆರೆಯುವುದಿಲ್ಲ. ಯಾರ ಪೆಟ್ಟಿಗೆ ತೆರೆಯುತ್ತದೋ ಅವರಿಗೆ ಕರುಳಿಲ್ಲ.

ಅಂಥವನೂ ಒಬ್ಬನಿದ್ದ. ಚಂಪವ್ವನ ಗಂಡನ ಅಣ್ಣ, ಬಾಳನಗೌಡ, ಕೇಶ್ವಾಪುರದಲ್ಲಿ ಮನೆ ಮಾಡಿಕೊಂಡು ಆರಾಮಾಗಿದ್ದ. ಮಧ್ಯಾಹ್ನ ನಾನೂ ಅವಳೂ ಹೋದೆವು. ಸೋಫಾದ ಮೇಲೆ ಕೂಡಿಸಿ ಅವಲಕ್ಕಿ ಕೊಟ್ಟ. ಎಲ್ಲ ಕೇಳಿದ. "ಛೆ ಛೆ, ಭಾಳ ಕೆಟ್ಟ ಸುದ್ದಿ," ಎಂದ. "ಮುಂದಿನ ವಾರ ನೋಡೂಣು. ಈಗ ಹಿಂಗ ಒಮ್ಮಿಂದೊಮ್ಮೆಲೆ ಅಂದ್ರ..." ಎಂದು ಗೋಡೆಯ ಮೇಲಿನ ತಮ್ಮನ ಫೋಟೋ ಕಡೆ ನೋಡಿ ಲೊಚಗುಟ್ಟಿದ. ಅದೇ ಸಂಜೆ ನನ್ನ ಕೋಣೆಗೆ ಬಂದ ಪುಣ್ಯಾತ್ಮ! ಮನೆಗೆ ಹಾಸುಗಲ್ಲು ಹಾಕುವವನಿಗೆ ಕೊಡಲು ನೋಟು ಬೇಕಂತೆ. ಎಡಗೈ ತಟ್ಟೆಯ ಮೇಲಿಟ್ಟು ಬಲಗೈಯಿಂದ ಕಡ್ಡಿ ಹಾಕಿ ಕಿವಿ ಕೆರೆದುಕೊಳ್ಳುತ್ತ ಕೂತ. ಹಸಿರು ದೀಪ ಒಮ್ಮೆಯೂ ಮಿಣುಕಲಿಲ್ಲ. ಪೆಟ್ಟಿಗೆ ಬಾಯಿ ತೆರೆದಾಗ ಅದರಲ್ಲಿದ್ದ ನೋಟನ್ನೆಲ್ಲ ಕಿತ್ತುಕೊಂಡು ಓಡಲೇ ಎನಿಸಿತು. ಯಂತ್ರ ಎಣಿಸಿ ಅವನ ಕೈಗಷ್ಟೇ ಕೊಟ್ಟು ಮುಚ್ಚಿಕೊಂಡಿತು. ಅವನು ಚಹಾದ ಕಪ್ಪಿನ ತಳ ಕೂಡ ಬಿಡದೆ ಕುಡಿದು ಹೋದ. ಅವನ ಮನೆ ಹಾಳಾಗಲಿ.

ಶುಕ್ರವಾರ ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೋದೆ. ಅಭಯ ಬೀಗದ ಕಾವಲು ಕೇಂದ್ರ ಅಲ್ಲಿದೆ. ಅದರ ಮುಖ್ಯಸ್ಥೆ ವಾರಿಜಾ, ನಮ್ಮ ಬಾಯಲ್ಲಿ ಮರ್ಯಾದೆಗೆ ಬಾಯಾರು, ವರ್ಷಕ್ಕೊಮ್ಮೆ ನಮ್ಮ ಯಂತ್ರಗಳನ್ನು ತಪಾಸಣೆ ಮಾಡಲು ಬರುತ್ತಿದ್ದರು, ಹಾಗಾಗಿ ಪರಿಚಯ. ಬೀಗವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ದೊಡ್ಡ ತಂಪು ಕೋಣೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಗೆರೆಗಳು. ಆ ಗಳಿಗೆಯಲ್ಲಿ ಜಿಲ್ಲೆಯಲ್ಲಿ ಯಾರು ಯಾರು ಕೈ ಇಟ್ಟಿದ್ದಾರೋ ಅವರ ನಾಡಿ ಒಂದೊಂದು ಗೆರೆ. ಏಳುತ್ತಿದ್ದವು, ಬೀಳುತ್ತಿದ್ದವು. ಹೆಚ್ಚಿನವು ಕೆಂಪಾಗಿದ್ದವು.

ನಾನು ಎಲ್ಲ ಹೇಳಿದೆ. "ಬಾಯಾರ, ಈ ಒಂದು ಹೆಣ್ಮಗಳಿಗೆ ಒಂದು ಸಲ ಸಡ್ಲ ಮಾಡ್ರಿ. ನಿಮ್ಮ ಕಾಲ ಹಿಡಕೋತೀನಿ."

"ಬರೂದಿಲ್ಲ ಅಡಿವೆಪ್ಪನವರ."

"ನೀವ ಕಟ್ಟಿದ್ದಲ್ಲೇನ್ರಿ?"

"ನಾವ ಕಟ್ಟಿದ್ದು. ಒಮ್ಮೆ ಕಟ್ಟಿ ಲೆಕ್ಕ ಇಡೂ ಆ ಸಾವಿರಾರು ಯಂತ್ರಕ್ಕ ಕೊಟ್ಟ ಮ್ಯಾಲೆ ನಮಗೂ ತಿದ್ದಾಕ ಬರೂದಿಲ್ಲ. ಬೇಕಂತನ ಹಂಗ ಮಾಡೀವಿ. ತಿದ್ದಾಕ ಬರ್ತಿದ್ರ ಕಳ್ಳರು ಬಂದು ನಮ್ಮನ್ನ ಹಿಡೀತಿದ್ರು. ನಮ್ಮ ಮಕ್ಕಳ ಕುತ್ತಿಗಿಗೆ ಚಾಕು ಹಿಡೀತಿದ್ರು."

"ಹಂಗಾದ್ರ ಆ ಯಂತ್ರಕ್ಕ ಇಷ್ಟೂ ತಿಳಿಯೂದಿಲ್ಲೇನ್ರಿ, ಕಳ್ಳಗ ಹೆದರೂದು ಬ್ಯಾರೆ, ಕೂಸಿನ ಸಲುವಾಗಿ ಹೆದರೂದು ಬ್ಯಾರೆ ಅಂತ?"

ವಾರಿಜಾ ಬಾಯಾರು ಎದ್ದು ಒಂದು ಪರದೆಯ ಮೇಲೆ ಎರಡು ಗೆರೆ ತೋರಿಸಿದರು. ಮೇಲಿನದು ಚಾಕುವಿನ ಎದುರು ಕೂತವನದು, ಕೆಳಗಿನದು ಆಸ್ಪತ್ರೆಯ ಹೊರಗೆ ಕೂತ ತಾಯಿಯದು. ಎಷ್ಟು ದಿಟ್ಟಿಸಿದರೂ ನನಗೆ ಎರಡೂ ಒಂದೇ ಕಂಡವು. "ನಮಗೂ ಒಂದೇ ಕಾಣ್ತಾವ," ಎಂದರು. "ಮೈಯಾಗ ಹೆದರಿಕಿ ಒಂದ ಇರೂದು. ಅದಕ್ಕ ಎರಡು ಹೆಸರಿಲ್ಲ. ಇನ್ನ ನಿಮ್ಮ ಓಣಿಯವರು ಅಂದ ಮಾತು... ಯಂತ್ರಕ್ಕ ಕಲಿಸಾಕ ನಾವು ಪೊಲೀಸರ ಹತ್ರ ಇದ್ದ ದರೋಡಿ ಧ್ವನಿಮುದ್ರಣ ಎಲ್ಲಾ ಕೇಳಿಸಿದ್ವಿ. ಕಳ್ಳರು ಏನಂತಿದ್ರು ಗೊತ್ತೇನ್ರಿ? ಕೊಲ್ತೀನಿ ಅಂತ ಅಂದವರು ಕಡಿಮಿ. ಬಹಳಷ್ಟು ಮಂದಿ ಅಂದಿದ್ದು ಹೆದರಬ್ಯಾಡ, ಕೈ ಇಡು ಅಂತ."

ನನಗೆ ಸಿಟ್ಟು ನೆತ್ತಿಗೇರಿತು. ಏನೇನೋ ಅಂದೆ. ನೀವು ಓದಿದವರು ಕಟ್ಟಿದ್ದೆಲ್ಲ ಹೀಗೇ, ಬಾಗಿಲು ಮಾಡಿ ಎಂದರೆ ಗೋಡೆ ಮಾಡುತ್ತೀರಿ ಎಂದೆ. ಅವರು ತಮ್ಮ ಬಲಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ನಮ್ಮ ತಮ್ಮನ ಹತ್ತೂ ಬೆರಳು ಮುರಿದಿದ್ರು," ಎಂದರು. "ಹೆಣ ನಾನ ಗುರುತು ಹಿಡಿದಿದ್ದು. ಆವತ್ತ ಈ ಬೀಗ ಕಟ್ಟಬೇಕಂತ ಅನಿಸಿದ್ದು. ಅಂದಿನಿಂದ ನಂದೂ ಒಮ್ಮೆನೂ ಹಸಿರು ಬಂದಿಲ್ಲ."

ಹೊರಡುವಾಗ ಬಾಗಿಲವರೆಗೂ ಬಂದರು. "ಒಂದ ದಾರಿ ಐತಿ. ಖಾತ್ರಿ ಇಲ್ಲ. ಕೈಗೆ ಪಳಗಿದ ಕೆಲಸದಾಗ ಮುಳುಗಿದಾಗ ಮೈ ಹೆದರೂದನ್ನ ಮರೀತೈತಿ. ಚಹಾ ಕುಡಿಯೂವಷ್ಟು ಹೊತ್ತು ಮರೆತರ ಸಾಕು."

ಬಸ್ಸಿನಲ್ಲಿ ಕೂತು ಬರುವಾಗ ನವಲೂರು ದಾಟುವಷ್ಟರಲ್ಲಿ ನನಗೆ ಹೊಳೆಯಿತು. ಚಂಪವ್ವ ಎತ್ತು ಮಾರುವವನ ಮಗಳು. ಅವಳಪ್ಪ ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಸಂತೆಗೆ ಬರುತ್ತಿದ್ದ. ಟವೆಲ್ಲಿನೊಳಗೆ ಕೈ ಹಾಕುತ್ತೇನೆಂದು ಹಟ ಹಿಡಿದು, ನಮ್ಮಪ್ಪನ ಜೊತೆ ಬೆರಳು ಹಿಡಿದು ಜಗಳಾಡುತ್ತಿದ್ದ ಹುಡುಗಿ ಅವಳು.

ಶನಿವಾರ ಮಧ್ಯಾಹ್ನ ಯಂತ್ರವನ್ನೂ ಪೆಟ್ಟಿಗೆಯನ್ನೂ ಹೊತ್ತು ಚಂಪವ್ವನ ಮನೆಗೆ ಹೋದೆ. ಕೋಣೆ ಬಿಟ್ಟು ಒಯ್ಯಬಾರದೆಂದು ಸಾವಕಾರನ ಕಟ್ಟಪ್ಪಣೆ. ಬೈದರೆ ಬೈಯಲಿ ಎಂದೆ. ಓಣಿಯವರನ್ನೆಲ್ಲ ಆಚೆ ಕಟ್ಟೆಗೆ ಕಳಿಸಿದೆ. ತುಂಗಾ ಕೌದಿ ಹೊದ್ದು ಮಲಗಿತ್ತು. ಕಾಲು ಎರಡೂ ಬಿಗಿದಿದ್ದವು. ಕಣ್ಣು ಮಾತ್ರ ಪಿಳಿಪಿಳಿ ಎನ್ನುತ್ತಿದ್ದವು. ಅದರ ಪಕ್ಕದಲ್ಲೇ ನೆಲಕ್ಕೆ ಕೂತೆವು. ಚಂಪವ್ವ ಎಡಗೈ ತಟ್ಟೆಯ ಮೇಲಿಟ್ಟಳು. ಬಲಗೈಯನ್ನು ನಾನು ಹಿಡಿದು ಮೇಲೆ ಟವೆಲ್ ಹೊದಿಸಿದೆ.

"ಏನ್ ಕಾಕಾ ಇದು?" ಎಂದಿತು ತುಂಗಾ, ಸಣ್ಣ ದನಿಯಲ್ಲಿ.

"ನಿಮ್ಮವ್ವ ಒಂದು ಎತ್ತು ತರಾಕತ್ಯಾಳ. ನಾ ಮಾರಾಂವ. ನೀ ಪಂಚರು. ಯಾರು ಮೋಸ ಮಾಡ್ತಾರ ನೋಡು."

ಅದು ನಕ್ಕಿತು. ನಾನು ಶುರು ಮಾಡಿದೆ. "ನಾಲ್ಕು ಹಲ್ಲಿನ ಎಳೇ ಎತ್ತವಾ, ಕೋಡು ನೋಡು ಹ್ಯಾಂಗದಾವು, ಕೈಯಾಗ ಹಿಡಿದು ಬಗ್ಗಿಸಿದಂಗ," ಎಂದು ಟವೆಲ್ಲಿನೊಳಗೆ ಅವಳ ಐದೂ ಬೆರಳು ಹಿಡಿದೆ.

ಚಂಪವ್ವ ನನ್ನ ಎರಡೇ ಬೆರಳು ಹಿಡಿದಳು. "ನಾಲ್ಕು ಹಲ್ಲು ಅಂತ! ಬಾಯಿ ತೆಗೆದು ತೋರ್ಸು. ಹಲ್ಲು ಸವೆದು ಹೋಗ್ಯಾವು, ಮುದಿಯೆತ್ತು."

"ಮುದಿಯೆತ್ತಂತ! ನಿನ್ನ ನಾಲಿಗಿಗೆ ಎಲುಬಿಲ್ಲಬೇ," ಎಂದು ನಾಲ್ಕು ಬೆರಳು ಹಿಡಿದೆ.

"ಸುಳಿ ನೋಡಿಯೇನು? ಕಣ್ಣೀರ ಸುಳಿ ಐತಿ. ಇಂಥಾ ಎತ್ತು ಕಟ್ಟಿದ್ರ ಮನಿ ಉದ್ಧಾರ ಆದಂಗ," ಎಂದು ಎರಡೂವರೆಗೆ ಬಂದಳು. ಅರ್ಧಕ್ಕೆ ಬೆರಳನ್ನು ಮಡಚಿ ಹಿಡಿಯುವುದು ಸಂತೆಯ ಲೆಕ್ಕ. ಮರೆತಿರಲಿಲ್ಲ ಅವಳು.

"ಕಾಕಾ ಸೋಲಾಕತ್ಯಾನ," ಎಂದಿತು ತುಂಗಾ.

ದೀಪ ಹಳದಿಯಾಗಿತ್ತು. ನಾನು ನೋಡಿದರೂ ನೋಡದವನಂತೆ ದನಿ ಏರಿಸಿದೆ. ಅವಳು ನನಗಿಂತ ಮೇಲೆ ಏರಿಸಿದಳು. ಮುಖಕ್ಕೆ ರಂಗು ಬಂತು. ಸೆರಗು ಜಾರಿದ್ದು ಗೊತ್ತಿಲ್ಲ, ಕೂದಲು ಬಿಚ್ಚಿದ್ದು ಗೊತ್ತಿಲ್ಲ, ಅಪ್ಪನ ಮಗಳು ಸಂತೆಯಲ್ಲಿ ನಿಂತಿದ್ದಳು. ಮೂರು ಬೆರಳು. ಮೂರೂವರೆ. ಛೀ ನಡಿಯಾಚೆ, ಮೂರೇ. ದೀಪ ಹಸಿರಾಯಿತು. ಜೈತುನಬಿ ಕಳಿಸಿದ್ದ ಚಹಾ ನನ್ನ ಪಕ್ಕದಲ್ಲಿತ್ತು. ಅದರಲ್ಲಿ ಅರ್ಧ ಕುಡಿದೆ. ಹಸಿರು. ಇನ್ನೊಂದು ಗುಟುಕು ಕುಡಿದೆ. ಹಸಿರು. ಕಪ್ಪಿನ ತಳದಲ್ಲಿ ಎರಡು ಗುಟುಕು ಉಳಿದಿತ್ತು.

ತುಂಗಾ ಕೌದಿಯೊಳಗಿಂದ ಕೈ ತೆಗೆದು ಅವ್ವನ ತೊಡೆ ಮುಟ್ಟಿತು. "ಯವ್ವಾ, ಎತ್ತು ಬಂದ್ಮ್ಯಾಲೆ ನಾ ಅದರ ಮ್ಯಾಲೆ ಕುಂದರ್ಲೇನು?"

ಚಂಪವ್ವ ಮಗಳ ಮುಖ ನೋಡಿದಳು. ಟವೆಲ್ಲಿನೊಳಗೆ ಅವಳ ಬೆರಳು ನನ್ನ ಬೆರಳನ್ನು ಮುರಿಯುವಂತೆ ಹಿಡಿದವು. ದೀಪ ಕೆಂಪಾಯಿತು.

ಮತ್ತೆ ಶುರು ಮಾಡಿದೆವು. ಬೇರೆ ಎತ್ತು ತಂದೆ, ಆಕಳು ತಂದೆ, ಕೋಣ ತಂದೆ. ಅವಳ ಬಾಯಿ ದರ ಹೇಳುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಗೋವಾದ ಗಾಡಿ ಹೋಗುವ ಹೊತ್ತಾದಾಗ ನಾನು ಲಾಡ್ಜಿಗೆ ಓಡಿದೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ ಅವನ ಎದುರು ಕೈ ಮುಗಿದು ಉದ್ರಿ ಕೇಳಿದೆ. "ಎಲ್ಲರೂ ಇದನ್ನೇ ಹೇಳ್ತಾರೆ," ಎಂದು ಪಕ್ಕಕ್ಕೆ ಸರಿದು ಹೋದ. ಸೋಮವಾರ ತುಂಗಾನ ಉಸಿರು ಬಿಗಿಯಿತು. ಮಂಗಳವಾರ ಮಣ್ಣು ಮಾಡಿ ಬಂದೆವು.

ತುಂಗಾನ ದಿನಕರ್ಮ ಮುಗಿದ ಮೇಲೆ ಚಂಪವ್ವ ನನ್ನ ಟವೆಲ್ ಒಗೆದು ಮಡಚಿ ತಂದುಕೊಟ್ಟಳು. "ನಿಮ್ದು ಅಲ್ಲೇ ಉಳಿದಿತ್ರಿ ಅಣ್ಣಾರ," ಎಂದು ಮೇಜಿನ ಮೇಲಿಡುವಾಗ ಅಂಗೈ ತಟ್ಟೆಗೆ ತಾಗಿತು. ತಾಗಿದ್ದೇ ತಡ, ಹಸಿರು.

"ಮಾಲೀಕರು ನಿರಾಳವಾಗಿದ್ದಾರೆ," ಎಂದಿತು ಯಂತ್ರ. "ಮಾರಾಟಕ್ಕೆ ಅಡ್ಡಿಯಿಲ್ಲ."

ಅವಳು ಆ ದೀಪವನ್ನೇ ನೋಡಿದಳು. ಅಳಲಿಲ್ಲ, ಬೈಯಲಿಲ್ಲ. "ಈಗ ತೆರೀತೈತಿ ಅಂದಂಗಾತು," ಎಂದು ಕೈ ತೆಗೆದು ಸೆರಗಿಗೆ ಒರೆಸಿಕೊಂಡು ಇಳಿದು ಹೋದಳು. ನಾನು ತಡೆಯಲಾರದೆ ವಾರಿಜಾ ಬಾಯಾರಿಗೆ ಫೋನು ಮಾಡಿದೆ. ಗೆರೆ ಅವರ ಪರದೆಯ ಮೇಲೂ ಬಂದಿತ್ತು. ನಾನು ಹೆಸರು ಹೇಳಿದೆ. "ಇಂಥಾ ಸಪಾಟ ಗೆರಿ ದಿನಾ ಬರ್ತಾವ್ರಿ. ವರದಿಯೊಳಗ ಇವರನ್ನ ಉತ್ತಮ ಗ್ರಾಹಕರು ಅಂತ ಬರೀತೀವಿ," ಎಂದರು.

ಅಲ್ಲಿಗೆ ಕತೆ ಮುಗಿದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ. ಒಂದು ತಿಂಗಳು ಕಳೆದಿರಬಹುದು. ಜೈತುನಬಿಯ ಮೊಮ್ಮಗಳು ಸನಾಗೆ ಮೈ ಸುಡತೊಡಗಿತು, ಕಾಲು ಜೋಮು ಹಿಡಿಯತೊಡಗಿತು. ನಾಲ್ಕು ವರ್ಷದ ಕೂಸು. ಗೋವಾದವನು ಮತ್ತೆ ಬಂದು ಲಾಡ್ಜಿನಲ್ಲಿಳಿದಿದ್ದ. ಓಣಿಗೆ ಓಣಿಯೇ ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಚಂಪವ್ವ ತಾನಾಗಿ ಎದ್ದು ನನ್ನ ಕೋಣೆಗೆ ಬಂದಳು.

"ನಂದು ತೆರೀತೈತಲ್ರಿ," ಎಂದಳು. "ಅಷ್ಟೂ ಮಾರಿ ಜೈತುನಕ್ಕಗ ಕೊಟ್ಟುಬಿಡ್ರಿ. ನನಗ ಅದರಿಂದ ಏನಾಗಬೇಕಾಗೈತಿ."

ನನಗೆ ಕುಣಿಯುವಂತಾಯಿತು, ನಾಚಿಕೆಯೂ ಆಯಿತು. ಇಡೀ ಓಣಿಯಲ್ಲಿ ಹೆದರದ ಒಬ್ಬರು ಬೇಕಾಗಿತ್ತು, ಹೀಗೆ ಸಿಕ್ಕಿದರಲ್ಲ ಎಂದು. ಈ ಸಲ ಯಾರನ್ನೂ ಒಳಗೆ ಬಿಡಲಿಲ್ಲ. ಜೈತುನಬಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಳು. ಬಾಯಿಗೆ ಸೆರಗು ತುರುಕಿಕೊಂಡಿದ್ದಳು, ಎಲ್ಲಿ ಆ ಮಾತು ಬಂದುಬಿಡುತ್ತದೋ ಎಂದು.

ಚಂಪವ್ವ ಕೈ ಇಟ್ಟಳು. ಹಸಿರು. ಚಹಾ ಬಂತು. ಅವಳು ಬಲಗೈಯಲ್ಲಿ ಕಪ್ ಹಿಡಿದು ಗೋಡೆ ನೋಡುತ್ತ ಗುಟುಕು ಗುಟುಕಾಗಿ ಕುಡಿದಳು. ಕಲ್ಲಿನ ಗೊಂಬೆಗೆ ಚಹಾ ಕುಡಿಸಿದಂತಿತ್ತು. ಕಾಲು ಕಪ್ ಆಯಿತು, ಅರ್ಧ ಆಯಿತು. ದೀಪ ಅಲುಗಲಿಲ್ಲ. ನಾನು ಮನಸ್ಸಿನಲ್ಲೇ ಸಿದ್ಧಾರೂಢಪ್ಪನಿಗೆ ತೆಂಗಿನಕಾಯಿ ಹೇಳಿಕೊಂಡೆ.

ಮೆಟ್ಟಿಲ ಮೇಲೆ ಜೈತುನಬಿಗೆ ಯಾವಾಗ ಜೋಂಪು ಹತ್ತಿತೋ, ಸನಾ ಅವಳ ತೊಡೆಯಿಂದ ಜಾರಿ ಬಾಗಿಲು ದೂಡಿಕೊಂಡು ಒಳಗೆ ಬಂತು. ಗೋಡೆ ಹಿಡಿದು, ಒಂದು ಕಾಲು ಎಳೆಯುತ್ತ ಬಂತು. ಬೇಡ ಎಂದು ಕೂಗಲು ನನಗೆ ಧೈರ್ಯವಿಲ್ಲ, ಯಂತ್ರ ಕೇಳುತ್ತದೆ. ಕೂಸು ನೇರ ಹೋಗಿ ಚಂಪವ್ವನ ತೋಳಿಗೆ ಕೆನ್ನೆ ಆನಿಸಿ ನಿಂತುಕೊಂಡಿತು. ತುಂಗಾನ ಜೊತೆ ಆಡಲು ಹೋದಾಗೆಲ್ಲ ಹಾಗೇ ನಿಲ್ಲುತ್ತಿತ್ತೇನೋ.

ಚಂಪವ್ವನ ಕೈಯಲ್ಲಿದ್ದ ಕಪ್ ಅಲ್ಲೇ ನಿಂತಿತು.

"ಅಣ್ಣಾ," ಎಂದಳು. "ಇದರ ಮೈ ಸುಡಾಕತ್ತೈತೋ."

ದೀಪ ಹಳದಿಯಾಯಿತು. ಆಮೇಲೆ ಕೆಂಪು.

ಅವಳು ಕಪ್ ಕೆಳಗಿಟ್ಟು ಬಲಗೈಯಿಂದ ತನ್ನ ಎದೆಗೆ ಗುದ್ದಿಕೊಂಡಳು. ಒಂದು ಸಲ, ಎರಡು ಸಲ, ಬಾಗಿಲು ಬಡಿದ ಹಾಗೆ. "ಇದೂ ಅಕಿ ಜೋಡಿ ಹೋಗೇತಿ ಅಂತ ತಿಳಿದಿದ್ನೆಲ್ಲೋ ಅಣ್ಣಾ. ಹೋಗಿಲ್ಲೋ. ಇನ್ನೂ ಐತೋ." ತುಂಗಾ ಹೋದಂದಿನಿಂದ ಅಳದಿದ್ದ ಹೆಣ್ಣು ಆಗ ಅತ್ತಳು. ಅಳುತ್ತಲೇ ಸನಾಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು, ಬಿಗಿದ ಕಾಲನ್ನು ತಿಕ್ಕತೊಡಗಿದಳು. ಎಡಗೈ ಮಾತ್ರ ತಟ್ಟೆಯ ಮೇಲಿಂದ ತೆಗೆಯಲಿಲ್ಲ. ಒತ್ತಿ ಹಿಡಿದೇ ಇದ್ದಳು.

"ಆತೇನ್ರಿ?" ಎಂದು ಮೆಟ್ಟಿಲ ಮೇಲಿಂದ ಜೈತುನಬಿಯ ದನಿ ಬಂತು.

ಹೆದರಬ್ಯಾಡ ಎಂಬ ಮಾತು ನನ್ನ ಬಾಯಿಗೆ ಬಂತು. ಯಂತ್ರ ಕೇಳಿಸಿಕೊಳ್ಳುತ್ತದೆಂದು ನುಂಗಿಕೊಂಡೆ.